ಕನ್ನಡಕ ಕಳಚಿದ ಬಳಿಕ: ಮಿಥ್ಯಾ ವಾಸ್ತವ ನಮ್ಮ ದೇಹದಲ್ಲಿ ಉಳಿಸಿಹೋಗುವ ಕುರುಹುಗಳು

ಘಟ್ಟದ ತಿರುವುಗಳನ್ನು ದಾಟಿ ಬಂದ ಬಸ್ಸಿನಿಂದ ಕೆಳಗೆ ಕಾಲಿಟ್ಟಾಗ ನೆಲವೇ ತುಸು ತೂಗಿದಂತಾಗುವ ಅನುಭವ, ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿಬರುವ ನಮ್ಮಲ್ಲಿ ಹಲವರಿಗೆ ಹೊಸದಲ್ಲ. ದಿನಗಟ್ಟಲೆ ಕಡಲಿನಲ್ಲಿದ್ದು ದಡ ಸೇರಿದ ಮೀನುಗಾರರಿಗೂ ಕೆಲವು ಹೊತ್ತು ಭೂಮಿ ಅಲುಗಾಡುತ್ತಿರುವಂತೆ ತೋರುವುದುಂಟು. ಪ್ರಯಾಣ ಮುಗಿದಿರುತ್ತದೆ, ದೇಹ ಮಾತ್ರ ಇನ್ನೂ ಪ್ರಯಾಣದಲ್ಲಿಯೇ ಇರುತ್ತದೆ. ಈಗ ಕುಳಿತ ಜಾಗದಿಂದ ಕದಲದೆಯೇ ಇಂತಹ ಪ್ರಯಾಣ ಮಾಡಿಸುವ ಸಾಧನವೊಂದು ನಮ್ಮ ಮಹಾನಗರಗಳ ಮಾಲ್‌ಗಳಿಗೆ, ವಸ್ತುಪ್ರದರ್ಶನಗಳಿಗೆ, ಮನೆಗಳ ಹಜಾರಗಳಿಗೂ ಬಂದಿದೆ. ವರ್ಚುವಲ್ ರಿಯಾಲಿಟಿ ಎಂದು ಕರೆಯಲ್ಪಡುವ, ಕನ್ನಡದಲ್ಲಿ ನಾವು ಮಿಥ್ಯಾ ವಾಸ್ತವ ಎನ್ನಬಹುದಾದ ಈ ತಂತ್ರಜ್ಞಾನ ಕಣ್ಣೆದುರು ಏನನ್ನು ತೋರಿಸುತ್ತದೆ ಎಂಬುದರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಅದನ್ನು ಕಳಚಿಟ್ಟ ಮೇಲೆ ದೇಹದಲ್ಲಿ ಏನು ಉಳಿಯುತ್ತದೆ ಎಂಬುದು ಈ ಲೇಖನದ ವಿಷಯ.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ಮಾಲ್‌ನ ಮೇಲಂತಸ್ತಿನಲ್ಲಿ ಹತ್ತು ನಿಮಿಷ ರೋಲರ್ ಕೋಸ್ಟರ್ ಸವಾರಿ ನೋಡಿದ ತರುಣ, ಮರುಕ್ಷಣವೇ ತಂಗಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಸಂಜೆಯ ವಾಹನಗಳ ಸಾಲಿಗೆ ಸೇರುತ್ತಾನೆ. ಮೊಮ್ಮಗಳ ಒತ್ತಾಯಕ್ಕೆ ಮಣಿದು ಕಣ್ಣಿಗೆ ಸಾಧನ ಕಟ್ಟಿಕೊಂಡು ಹಳೆಯ ಗುಡಿಗೋಪುರಗಳನ್ನು ಸುತ್ತಿಬಂದ ಅಜ್ಜ, ಅದನ್ನು ತೆಗೆದ ಕೂಡಲೇ ಎಸ್ಕಲೇಟರಿನ ಮೊದಲ ಮೆಟ್ಟಿಲಿಗೆ ಕಾಲು ಚಾಚುತ್ತಾರೆ. ಅಪಾಯವೆಂಬುದು ಇದ್ದರೆ ಅದು ಬಹುಮಟ್ಟಿಗೆ ಇರುವುದು ಇಲ್ಲಿ.

ವಿಮಾನ ಚಾಲಕರಿಂದ ಕಲಿತ ಮೊದಲ ಪಾಠ

ತಲೆಗೆ ಕಟ್ಟಿಕೊಳ್ಳುವ ದೃಶ್ಯಸಾಧನದ ಮೊದಲ ರೂಪಗಳಲ್ಲೊಂದನ್ನು ಅಮೆರಿಕದ ವಿಜ್ಞಾನಿ ಐವಾನ್ ಸದರ್ಲೆಂಡ್ 1968ರಲ್ಲಿ ಜಗತ್ತಿಗೆ ಪರಿಚಯಿಸಿದರು. ಆದರೆ ಕೃತಕ ದೃಶ್ಯಗಳಿಂದ ದೇಹಕ್ಕೆ ಆಗುವ ತೊಂದರೆ ಅದಕ್ಕಿಂತ ಹಳೆಯದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಹೆಲಿಕಾಪ್ಟರ್ ತರಬೇತಿಗಾಗಿ ಸಿಮ್ಯುಲೇಟರ್ ಒಂದನ್ನು ಬಳಕೆಗೆ ತಂದಾಗ, ಅದರಲ್ಲಿ ಕುಳಿತವರಿಗೆ ತಲೆಸುತ್ತು, ವಾಕರಿಕೆ ಕಾಣಿಸಿಕೊಂಡ ವರದಿಗಳು ಬಂದವು. ಅದರಲ್ಲೊಂದು ಸಂಗತಿ ವಿಚಿತ್ರವಾಗಿತ್ತು. ಹಾರಾಟದಲ್ಲಿ ಪಳಗಿದ ಬೋಧಕರಲ್ಲಿ ಶೇ. 60ರಷ್ಟು ಮಂದಿಗೆ ಅಸ್ವಸ್ಥತೆಯಾದರೆ, ಹೊಸ ವಿದ್ಯಾರ್ಥಿಗಳಲ್ಲಿ ಶೇ. 12ರಷ್ಟು ಮಂದಿಗೆ ಮಾತ್ರ ಆಯಿತು. ನಿಜವಾದ ಹಾರಾಟ ಹೇಗಿರುತ್ತದೆಂದು ಯಾರ ದೇಹಕ್ಕೆ ಚೆನ್ನಾಗಿ ಗೊತ್ತಿತ್ತೋ ಅವರ ದೇಹವೇ ಸುಳ್ಳು ಹಾರಾಟವನ್ನು ಹೆಚ್ಚು ಪ್ರತಿಭಟಿಸಿತು.

ಈ ಅಧ್ಯಯನಗಳ ಪರಂಪರೆ ಮುಂದುವರಿಯಿತು. ಅಸ್ವಸ್ಥತೆಯನ್ನು ಅಳೆಯಲು 1993ರಲ್ಲಿ ರಾಬರ್ಟ್ ಕೆನಡಿ ಮತ್ತು ಸಂಗಡಿಗರು 16 ಲಕ್ಷಣಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಹೊಟ್ಟೆ ತೊಳಸುವಿಕೆಗೆ ಸಂಬಂಧಿಸಿದವು, ಕಣ್ಣಿನ ಆಯಾಸಕ್ಕೆ ಸಂಬಂಧಿಸಿದವು, ದಿಕ್ಕುಗೆಡುವಿಕೆಗೆ ಸಂಬಂಧಿಸಿದವು ಎಂದು ಅದು ಲಕ್ಷಣಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತದೆ. ಮಿಥ್ಯಾ ವಾಸ್ತವದ ಸಂಶೋಧಕರು ಇಂದಿಗೂ ಈ ಪ್ರಶ್ನಾವಳಿಯನ್ನು ಬಳಸುತ್ತಾರೆ.

ಇದರ ಎಳೆಯೊಂದು ನಮ್ಮ ಬೆಂಗಳೂರಿಗೂ ಬಂದು ಸೇರುತ್ತದೆ. ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇರುವುದು ಅಲ್ಲಿಯೇ. ಆಕಾಶದಲ್ಲಿ ಕಣ್ಣು ಮತ್ತು ಒಳಕಿವಿ ಪರಸ್ಪರ ವಿರುದ್ಧವಾದ ಸುದ್ದಿ ಕೊಟ್ಟಾಗ ಚಾಲಕನಿಗೆ ಆಗುವ ದಿಗ್ಭ್ರಮೆಯನ್ನು ಅಲ್ಲಿ ನೆಲದ ಮೇಲಿನ ಯಂತ್ರಗಳಲ್ಲಿ ಉಂಟುಮಾಡಿ ತೋರಿಸಿ ತರಬೇತಿ ನೀಡಲಾಗುತ್ತದೆ. ಮಾಲ್‌ಗೆ ಹೋಗುವ ನಮಗೆ ಅಂತಹ ತರಬೇತಿ ಇಲ್ಲ.

ಕಣ್ಣಿಗೂ ಒಳಕಿವಿಗೂ ನಡೆಯುವ ಜಗಳ

ನಾವು ನಿಂತಿದ್ದೇವೆಯೋ ಓಡುತ್ತಿದ್ದೇವೆಯೋ ಎಂಬುದನ್ನು ಮಿದುಳು ಮೂರು ಕಡೆಯಿಂದ ತಿಳಿದುಕೊಳ್ಳುತ್ತದೆ. ಮೊದಲನೆಯದು ಕಣ್ಣು. ಎರಡನೆಯದು ಒಳಕಿವಿ: ಅಲ್ಲಿನ ಮೂರು ಅರೆವೃತ್ತ ನಾಳಗಳು ತಲೆ ತಿರುಗುವುದನ್ನೂ, ಪುಟ್ಟ ಸುಣ್ಣದ ಹರಳುಗಳಿರುವ ಚೀಲಗಳು ಗುರುತ್ವವನ್ನೂ ಹಿಂದುಮುಂದಿನ ಚಲನೆಯನ್ನೂ ಗ್ರಹಿಸುತ್ತವೆ. ಮೂರನೆಯದು ಸ್ನಾಯುಗಳು, ಕೀಲುಗಳು ಮತ್ತು ಅಂಗಾಲಿನ ಸ್ಪರ್ಶ. ಈ ಮೂವರು ಸಾಕ್ಷಿಗಳ ಹೇಳಿಕೆ ಒಂದೇ ಆಗಿದ್ದರೆ ನಮಗೆ ಸಮತೋಲದ ಅರಿವೇ ಇರುವುದಿಲ್ಲ. ಕನ್ನಡಕದೊಳಗಿನ ರೋಲರ್ ಕೋಸ್ಟರ್ ಕೆಳಗೆ ಧುಮುಕುವಾಗ ಕಣ್ಣು 'ಬೀಳುತ್ತಿದ್ದೇವೆ' ಎನ್ನುತ್ತದೆ. ಒಳಕಿವಿಯೂ ಅಂಗಾಲೂ 'ಇಲ್ಲ, ಕುರ್ಚಿಯಲ್ಲಿ ಕುಳಿತಿದ್ದೇವೆ' ಎನ್ನುತ್ತವೆ. ಜೇಮ್ಸ್ ರೀಸನ್ ಮತ್ತು ಜೋಸೆಫ್ ಬ್ರ್ಯಾಂಡ್ 1975ರ ತಮ್ಮ ಪುಸ್ತಕದಲ್ಲಿ ವಿವರಿಸಿದ, ಇಂದಿಗೂ ಹೆಚ್ಚು ಮನ್ನಣೆಯಿರುವ ಸಿದ್ಧಾಂತದ ಪ್ರಕಾರ ತಲೆಸುತ್ತಿಗೂ ವಾಕರಿಕೆಗೂ ಈ ವಿರೋಧವೇ ಮೂಲ. ದೇಹವು ತನ್ನ ನಿಲುವನ್ನು ಸ್ಥಿರವಾಗಿ ಇರಿಸಿಕೊಳ್ಳಲು ಆಗದಿರುವುದೇ ಕಾರಣವೆಂದು 1991ರಲ್ಲಿ ಗ್ಯಾರಿ ರಿಕ್ಕಿಯೊ ಮತ್ತು ಥಾಮಸ್ ಸ್ಟೋಫ್ರೆಗೆನ್ ವಾದಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಇದರ ಜೊತೆಗೆ ಯಂತ್ರದ ವಿಳಂಬವೂ ಸೇರುತ್ತದೆ. ತಲೆ ತಿರುಗಿಸಿದ ಕ್ಷಣಕ್ಕೂ ಚಿತ್ರ ತಿರುಗುವ ಕ್ಷಣಕ್ಕೂ ನಡುವಣ ಅಂತರ ಸುಮಾರು 20 ಮಿಲಿಸೆಕೆಂಡಿಗಿಂತ ಕಡಿಮೆಯಿರಬೇಕೆಂಬುದು ತಯಾರಕರು ಇಟ್ಟುಕೊಂಡ ಗುರಿ. ಇಂದಿನ ಉತ್ತಮ ಸಾಧನಗಳು ಈ ವಿಷಯದಲ್ಲಿ ಬಹಳ ಸುಧಾರಿಸಿವೆ. ಆದರೂ ಕುಳಿತವರನ್ನು ಕಣ್ಣಿನ ಮಟ್ಟಿಗೆ ಓಡಿಸುವ ಯಾವುದೇ ದೃಶ್ಯದಲ್ಲಿ ಮೂಲ ಜಗಳ ಹಾಗೆಯೇ ಉಳಿಯುತ್ತದೆ.

ಎಲ್ಲರಿಗೂ ವಾಂತಿಯೇ ಆಗುತ್ತದೆಂದಲ್ಲ. ಬೆವರು, ಮೈ ತಣ್ಣಗಾಗುವುದು, ಬಾಯಲ್ಲಿ ನೀರೂರುವುದು, ತಲೆಭಾರ ಇವೂ ಲಕ್ಷಣಗಳೇ. ಕೆಲವರಲ್ಲಿ ಹೊಟ್ಟೆಗೆ ಏನೂ ಆಗದೆ ಬರಿಯ ತೂಕಡಿಕೆ, ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಂತಹ ಸ್ಥಿತಿ ಕಾಣಿಸಿಕೊಳ್ಳುತ್ತದೆ. 1976ರಲ್ಲಿ ಆಶ್ಟನ್ ಗ್ರೇಬಿಯಲ್ ಮತ್ತು ಜೇಮ್ಸ್ ನೆಪ್ಟನ್ ಇದನ್ನು ಚಲನೆಯ ಅಸ್ವಸ್ಥತೆಯ ಪ್ರತ್ಯೇಕ ರೂಪವೆಂದು ಗುರುತಿಸಿದರು. ನಿದ್ದೆ ಕಡಿಮೆಯಾಗಿದೆ ಎಂದುಕೊಂಡು ನಾವು ಸುಮ್ಮನಾಗಿಬಿಡುವ ಸಾಧ್ಯತೆ ಇರುವುದರಿಂದ ಇದನ್ನು ವಿಶೇಷವಾಗಿ ನೆನಪಿಡಬೇಕು.

ಕಣ್ಣುಗಳ ಇಬ್ಬಗೆಯ ದುಡಿಮೆ

ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಕಣ್ಣುಗಳು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ. ಎರಡೂ ಕಣ್ಣುಗುಡ್ಡೆಗಳು ಮೂಗಿನ ಕಡೆಗೆ ತಿರುಗುತ್ತವೆ. ಕಣ್ಣೊಳಗಿನ ಮಸೂರ ದಪ್ಪವಾಗಿ ಚಿತ್ರವನ್ನು ಸ್ಪಷ್ಟಗೊಳಿಸುತ್ತದೆ. ಹುಟ್ಟಿದಂದಿನಿಂದ ಜೋಡೆತ್ತುಗಳಂತೆ ಒಟ್ಟಿಗೆ ದುಡಿದ ಈ ಎರಡು ಕ್ರಿಯೆಗಳನ್ನು ಮಿಥ್ಯಾ ವಾಸ್ತವದ ಸಾಧನ ಬೇರ್ಪಡಿಸುತ್ತದೆ. ಪರದೆಯ ಬೆಳಕು ಮಸೂರಗಳ ಮೂಲಕ ಹಾದು, ಸಾಮಾನ್ಯವಾಗಿ ಒಂದೆರಡು ಮೀಟರ್ ದೂರದ ನಿಶ್ಚಿತ ನೆಲೆಯಿಂದ ಬಂದಂತೆ ಕಣ್ಣಿಗೆ ತಲಪುತ್ತದೆ. ಚಿತ್ರದಲ್ಲಿನ ಚಿಟ್ಟೆ ಮೂಗಿನ ತುದಿಗೆ ಬಂದರೂ, ಬೆಟ್ಟ ಹತ್ತು ಮೈಲಿ ದೂರವಿದ್ದರೂ ಮಸೂರ ಅದೇ ನೆಲೆಗೆ ಹೊಂದಿಕೊಂಡಿರಬೇಕು. ಕಣ್ಣುಗುಡ್ಡೆಗಳು ಮಾತ್ರ ಚಿಟ್ಟೆಗೊಮ್ಮೆ ಬೆಟ್ಟಕ್ಕೊಮ್ಮೆ ತಿರುಗುತ್ತಿರಬೇಕು.

1993ರಲ್ಲಿ ಬ್ರಿಟನ್ನಿನ ಮಾರ್ಕ್ ಮಾನ್-ವಿಲಿಯಮ್ಸ್ ಮತ್ತು ಸಂಗಡಿಗರು 20 ಮಂದಿ ತರುಣರಿಗೆ ಅಂದಿನ ಸಾಧನವನ್ನು ಕೇವಲ 10 ನಿಮಿಷ ತೊಡಿಸಿ ಪರೀಕ್ಷಿಸಿದಾಗ, ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿ ತಾತ್ಕಾಲಿಕ ವ್ಯತ್ಯಾಸಗಳು ಕಂಡುಬಂದವು. 2008ರಲ್ಲಿ ಬರ್ಕ್ಲಿಯ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಹೋದ್ಯೋಗಿಗಳು ಬೇರೆಲ್ಲವನ್ನೂ ಸಮವಾಗಿಟ್ಟು ಈ ಒಂದು ವಿರೋಧವನ್ನು ಮಾತ್ರ ಪ್ರತ್ಯೇಕಿಸಿ ಪರೀಕ್ಷಿಸಿ, ಕಣ್ಣಿನ ಆಯಾಸಕ್ಕೆ ಇದೇ ಒಂದು ಕಾರಣವೆಂದು ತೋರಿಸಿದರು. ಕನ್ನಡಕ ಕಳಚಿದ ಮೇಲೆ ದೂರದ ಫಲಕದ ಅಕ್ಷರ ಒಡನೆಯೇ ತಿಳಿಯಾಗದಿರುವುದು, ಕಣ್ಣುರಿ, ಹಣೆನೋವು ಇವುಗಳ ಹಿನ್ನೆಲೆ ಇದು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುವುದೂ ಇದಕ್ಕೆ ಕೂಡಿಕೊಳ್ಳುತ್ತದೆ.

ಹೊಂದಿಕೊಂಡ ದೇಹದ ತೊಡಕು

ಇಲ್ಲಿಯವರೆಗಿನದು ತೊಂದರೆಯಾದವರ ಮಾತು. ತೊಂದರೆಯೇ ಆಗದವರ ಮಾತು ಇನ್ನೂ ಮುಖ್ಯ. ನಮ್ಮ ಮಿದುಳಿಗೆ ಸುಳ್ಳಿನೊಡನೆಯೂ ಹೊಂದಿಕೊಳ್ಳುವ ಶಕ್ತಿಯಿದೆ. ಕನ್ನಡಕದ ನಂಬರು ಬದಲಾದ ಮೊದಲ ದಿನ ನೆಲ ಇಳಿಜಾರಾದಂತೆ ಕಾಣುತ್ತದೆ, ಮೆಟ್ಟಿಲು ತಪ್ಪುತ್ತದೆ. ಎರಡು ದಿನ ಕಳೆದರೆ ಎಲ್ಲವೂ ಸರಿ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್ 1890ರ ದಶಕದಲ್ಲಿ ಜಗತ್ತನ್ನು ತಲೆಕೆಳಗಾಗಿ ತೋರಿಸುವ ಮಸೂರವನ್ನು ಕಟ್ಟಿಕೊಂಡು 8 ದಿನ ಕಳೆದರು. ಮೊದಮೊದಲು ಕೈ ಇಟ್ಟಲ್ಲೆಲ್ಲ ತಪ್ಪಾಗುತ್ತಿದ್ದ ಅವರು ಕ್ರಮೇಣ ಸರಾಗವಾಗಿ ಓಡಾಡತೊಡಗಿದರು. ಮಸೂರವನ್ನು ಬಿಚ್ಚಿದಾಗ ನಿಜವಾದ ಜಗತ್ತೇ ಅವರನ್ನು ಗಲಿಬಿಲಿಗೊಳಿಸಿತು.

ಇದೇ ಪರಿಣಾಮವನ್ನು ಮಿಥ್ಯಾ ವಾಸ್ತವದ ಸಾಧನದಲ್ಲಿ 1998ರಲ್ಲಿ ಫ್ರಾಂಕ್ ಬಿಯೋಕ್ಕಾ ಮತ್ತು ಜಾನಿಕ್ ರೋಲಾಂಡ್ ತೋರಿಸಿಕೊಟ್ಟರು. ಅವರು ಬಳಸಿದ ಸಾಧನದಲ್ಲಿ ಹೊರಜಗತ್ತನ್ನು ನೋಡುವ ಕ್ಯಾಮೆರಾಗಳು ನಿಜವಾದ ಕಣ್ಣುಗಳಿಗಿಂತ 62 ಮಿ.ಮೀ. ಮೇಲೆ ಮತ್ತು 165 ಮಿ.ಮೀ. ಮುಂದೆ ಇದ್ದವು. ತೊಟ್ಟವರ ಕೈಗಳು ಮೊದಲು ತಡವರಿಸಿದವು, ಆಮೇಲೆ ಹೊಂದಿಕೊಂಡವು. ಸಾಧನವನ್ನು ತೆಗೆದಾಗ ಅದೇ ಕೈಗಳು ಬರಿಗಣ್ಣಿಗೆ ಎದುರಿಗೇ ಕಾಣುವ ವಸ್ತುವನ್ನೂ ತಪ್ಪಿಸತೊಡಗಿದವು, ಈ ಬಾರಿ ಎದುರು ದಿಕ್ಕಿನಲ್ಲಿ. 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್‌ಸನ್ ಮತ್ತು ಸಹೋದ್ಯೋಗಿಗಳು, ಕ್ಯಾಮೆರಾ ಮೂಲಕ ಹೊರಜಗತ್ತನ್ನು ತೋರಿಸುವ ಇಂದಿನ ಸಾಧನಗಳನ್ನು ಸ್ವತಃ ತೊಟ್ಟು ಓಡಾಡಿ, ದೂರದ ಅಂದಾಜು ತಪ್ಪುವುದನ್ನೂ ಅಸ್ವಸ್ಥತೆಯನ್ನೂ ದಾಖಲಿಸಿದರು. ದಶಕಗಳು ಕಳೆದಿವೆ, ಸಾಧನಗಳು ಉತ್ತಮಗೊಂಡಿವೆ. ಮಿದುಳಿನ ಸ್ವಭಾವ ಬದಲಾಗಿಲ್ಲ.

ಈ ಸಂಗತಿಯ ಅರ್ಥವನ್ನು ನಾವು ಸರಿಯಾಗಿ ಗ್ರಹಿಸಬೇಕು. ಕನ್ನಡಕದೊಳಗೆ ಆರಾಮವಾಗಿದ್ದೆ ಎಂಬ ಭಾವನೆ, ಹೊರಗೆ ಬಂದ ಮೇಲೂ ಕೈಕಾಲು ಸರಿಯಾಗಿ ನಡೆಯುತ್ತವೆ ಎಂಬುದಕ್ಕೆ ಪ್ರಮಾಣವಲ್ಲ. ಒಳಗಿನ ಜಗತ್ತಿಗೆ ಚೆನ್ನಾಗಿ ಹೊಂದಿಕೊಂಡ ದೇಹವು ಹೊರಗಿನ ಜಗತ್ತಿಗೆ ಮರಳಿ ಹೊಂದಿಕೊಳ್ಳಬೇಕಾಗುತ್ತದೆ. ವಾಕರಿಕೆ ಬಂದವನು ತಾನಾಗಿಯೇ ಕುಳಿತುಬಿಡುತ್ತಾನೆ. ಏನೂ ಆಗದವನೇ ಸ್ಕೂಟರಿನ ಬೀಗದ ಕೈ ಹುಡುಕುವುದು.

ಹಾಗೆಂದು ಈ ಗುಣವೆಲ್ಲವೂ ಕೆಡುಕಲ್ಲ. ಪಾರ್ಶ್ವವಾಯುವಿನ ಬಳಿಕ ಎಡಭಾಗದ ಜಗತ್ತನ್ನೇ ಗಮನಿಸದ ರೋಗಿಗಳಿಗೆ, ದೃಶ್ಯವನ್ನು ಬಲಕ್ಕೆ ಸರಿಸುವ ಪಟ್ಟಕದ ಕನ್ನಡಕ ತೊಡಿಸಿ ಅಭ್ಯಾಸ ಮಾಡಿಸಿದರೆ, ಅದನ್ನು ತೆಗೆದ ಮೇಲೆ ಅವರ ಕೈ ಮತ್ತು ಗಮನ ಎಡಕ್ಕೆ ಸರಿಯುತ್ತವೆಂದು ಫ್ರಾನ್ಸಿನ ಈವ್ ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಉಳಿಯುವ ಪರಿಣಾಮವೇ ಅಲ್ಲಿ ಮದ್ದು. ಸಮತೋಲ ಕಳೆದುಕೊಂಡವರ ವ್ಯಾಯಾಮಕ್ಕೂ ಮಿಥ್ಯಾ ವಾಸ್ತವವನ್ನು ಬಳಸಲಾಗುತ್ತಿದೆ. ಮದ್ದಿಗೆ ಪ್ರಮಾಣವೂ ಪಥ್ಯವೂ ಇರುವಂತೆ ಇದಕ್ಕೂ ಇರಬೇಕು ಎಂಬುದಷ್ಟೇ ನಮ್ಮ ಮಾತು.

ಎಷ್ಟು ಹೊತ್ತು ಉಳಿಯುತ್ತದೆ?

ಬಹುಪಾಲು ಜನರಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 148 ಮಂದಿಯ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಶೇ. 80ರಷ್ಟು ಮಂದಿಗೆ ಒಂದಲ್ಲ ಒಂದು ಲಕ್ಷಣ ಕಾಣಿಸಿತಾದರೂ ಹೆಚ್ಚಿನವರಲ್ಲಿ ಅದು ಸೌಮ್ಯವಾಗಿತ್ತು, ಬೇಗ ಮಾಯವಾಯಿತು. ಶೇ. 5ರಷ್ಟು ಮಂದಿ ಮಾತ್ರ ತಾಳಲಾರದೆ ಪ್ರಯೋಗವನ್ನು ಮಧ್ಯದಲ್ಲಿಯೇ ಬಿಡಬೇಕಾಯಿತು. 2020ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೀಟ್ ಸೇಬರ್ ಎಂಬ ಜನಪ್ರಿಯ ಆಟವನ್ನು 10 ಅಥವಾ 50 ನಿಮಿಷ ಆಡಿದವರನ್ನು ಪರೀಕ್ಷಿಸಿದರು. ಆಟ ಮುಗಿದು 40 ನಿಮಿಷಗಳಾದ ಮೇಲೂ ಸುಮಾರು ಏಳರಲ್ಲಿ ಒಬ್ಬರಿಗೆ ಅಸ್ವಸ್ಥತೆ ಉಳಿದಿತ್ತು.

ಸಿಮ್ಯುಲೇಟರ್‌ಗಳ ಅನುಭವ ಇನ್ನಷ್ಟು ಎಚ್ಚರಿಸುತ್ತದೆ. ಅಮೆರಿಕದ ನೌಕಾಪಡೆ ಮತ್ತು ಭೂಸೇನೆಯ 742 ಸಿಮ್ಯುಲೇಟರ್ ಹಾರಾಟಗಳನ್ನು ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 45ರಷ್ಟು ಸಂದರ್ಭಗಳಲ್ಲಿ ಹೊರಬರುವಾಗ ಲಕ್ಷಣಗಳಿದ್ದವು. ಹೀಗೆ ಲಕ್ಷಣಗಳಿದ್ದವರಲ್ಲಿ ಮುಕ್ಕಾಲು ಪಾಲು ಮಂದಿಗೆ ಒಂದು ಗಂಟೆಯೊಳಗೆ ಎಲ್ಲವೂ ಸರಿಹೋಯಿತು, ಆದರೆ ಶೇ. 8ರಷ್ಟು ಮಂದಿಗೆ ಆರು ಗಂಟೆ ಮೀರಿಯೂ ಉಳಿಯಿತು. 1980ರಲ್ಲಿ ವರದಿಯಾದ ಇನ್ನೊಂದು ಅಧ್ಯಯನದಲ್ಲಿ, ಯುದ್ಧವಿಮಾನದ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿದ ಕೆಲವು ಚಾಲಕರಿಗೆ ಗಂಟೆಗಳ ಬಳಿಕ, ಮನೆಯಲ್ಲಿ ದೂರದರ್ಶನ ನೋಡುತ್ತಿರುವಾಗ ಮೇಲೇರಿ ತಿರುಗುತ್ತಿರುವ ಭಾವನೆಯಾಯಿತು. ಮಲಗಿದಾಗ ಕಣ್ಣೆದುರಿನ ಕೋಣೆಯೇ ತಲೆಕೆಳಗಾದಂತೆ ಕಂಡಿತು. ಸಿಮ್ಯುಲೇಟರಿನಲ್ಲಿ ಅಸ್ವಸ್ಥರಾದವರು ಅದೇ ದಿನ ವಿಮಾನ ಹಾರಿಸಬಾರದೆಂಬ ಎಚ್ಚರಿಕೆ ಸೇನಾ ವಿಮಾನಯಾನದಲ್ಲಿ ಬಂದದ್ದು ಇಂತಹ ಅನುಭವಗಳಿಂದಲೇ.

ಭಾರ, ಚರ್ಮ, ಎಡವುವಿಕೆ

ದೇಹದ ಹೊರಮೈಗೂ ಕೆಲವು ತೊಂದರೆಗಳಿವೆ. ಇಂದಿನ ಸಾಧನಗಳು ಸಾಮಾನ್ಯವಾಗಿ ಅರ್ಧ ಕಿಲೋ ಅಥವಾ ಅದಕ್ಕಿಂತ ತುಸು ಹೆಚ್ಚು ತೂಗುತ್ತವೆ. 2020ರ ಕ್ವೆಸ್ಟ್ 2ರ ತೂಕ 503 ಗ್ರಾಂ. 2024ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊ, ಬ್ಯಾಟರಿಯನ್ನು ಬೇರೆ ಇಟ್ಟರೂ 600ರಿಂದ 650 ಗ್ರಾಂ. ಈ ಭಾರ ತಲೆಯ ನಡುವೆ ಕೂರದೆ ಮುಖದ ಮುಂದೆ ತೂಗುವುದರಿಂದ ಕತ್ತಿನ ಹಿಂಭಾಗದ ಸ್ನಾಯುಗಳು ಅದನ್ನು ಹಿಡಿದೆಳೆಯುತ್ತಲೇ ಇರಬೇಕು. ಈಗಾಗಲೇ ಕತ್ತುನೋವು ಇರುವವರಿಗೆ ಮರುದಿನ ಅದರ ಅರಿವಾಗುತ್ತದೆ.

ಮುಖಕ್ಕೆ ಒತ್ತುವ ಸ್ಪಂಜಿನಿಂದ ಕೆಲವರಿಗೆ ತುರಿಕೆ, ಕೆಂಪುದದ್ದುಗಳಾಗುತ್ತವೆ. 2021ರಲ್ಲಿ ಇಂತಹ ಸಾವಿರಾರು ದೂರುಗಳು ಬಂದ ಕಾರಣ ಅಮೆರಿಕದಲ್ಲಿ ಕ್ವೆಸ್ಟ್ 2ರ ಸುಮಾರು 40 ಲಕ್ಷ ಮುಖಪಟ್ಟಿಗಳನ್ನು ಹಿಂತೆಗೆದುಕೊಂಡು ಸಿಲಿಕೋನ್ ಹೊದಿಕೆಗಳನ್ನು ಕೊಡಲಾಯಿತು. ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರ ಮುಖಕ್ಕೇರುವ ಮಾಲ್‌ನ ಸಾಧನವನ್ನು ಒರೆಸಿಯೇ ತೊಡಬೇಕು. ಇನ್ನು ಗೋಡೆಗೆ ಕೈ ಬಡಿಯುವುದು, ಮೇಜಿಗೆ ಮಂಡಿ ತಾಗುವುದು, ಎಡವಿ ಬೀಳುವುದು ಇವು ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ವಿವರಿಸಬೇಕಾಗಿಲ್ಲದ ಅಪಾಯಗಳು.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಬಸ್ಸಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ತಲೆಸುತ್ತುವವರು, ಅರೆತಲೆನೋವಿನವರು, ಒಳಕಿವಿಯ ತೊಂದರೆಯಿರುವವರು ಮೊದಲ ಸಾಲಿನಲ್ಲಿ ಬರುತ್ತಾರೆ. ಮೂರ್ಛೆರೋಗವಿರುವವರು, ಗರ್ಭಿಣಿಯರು, ಹೃದಯದಲ್ಲಿ ಪೇಸ್‌ಮೇಕರ್ ಇರುವವರು, ಮೆಳ್ಳೆಗಣ್ಣಿನಂತಹ ದೃಷ್ಟಿದೋಷದವರು ವೈದ್ಯರನ್ನು ಕೇಳದೆ ತೊಡಬಾರದೆಂದು ತಯಾರಕರೇ ಸೂಚಿಸುತ್ತಾರೆ. ವಯಸ್ಸಾದವರಲ್ಲಿ ವಾಕರಿಕೆಗಿಂತ ಬೀಳುವ ಭಯವೇ ದೊಡ್ಡದು.

ಮಹಿಳೆಯರಿಗೆ ಅಸ್ವಸ್ಥತೆ ಹೆಚ್ಚೆಂಬ ಮಾತು ಬಹುಕಾಲದಿಂದ ಇತ್ತು. 2020ರಲ್ಲಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಇದರ ಒಂದು ಮುಖ್ಯ ಕಾರಣ ಸ್ತ್ರೀದೇಹದಲ್ಲಿಲ್ಲ, ಯಂತ್ರದ ಅಳತೆಯಲ್ಲಿದೆ ಎಂದು ತೋರಿಸಿದರು. ವಯಸ್ಕರ ಎರಡು ಪಾಪೆಗಳ ನಡುವಣ ಅಂತರ ಸರಾಸರಿ 63 ಮಿ.ಮೀ. ಮಹಿಳೆಯರಲ್ಲಿ ಇದು ಸ್ವಲ್ಪ ಕಡಿಮೆ. ಸಾಧನದ ಮಸೂರಗಳು ಅಷ್ಟು ಹತ್ತಿರಕ್ಕೆ ಸರಿಯದಿದ್ದರೆ ತೊಂದರೆ ಹೆಚ್ಚುತ್ತದೆ. ಆದ್ದರಿಂದ ಮಸೂರಗಳ ಅಂತರವನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದು ಶೋಕಿಯಲ್ಲ, ಅಗತ್ಯ.

ಇದೇ ಕಾರಣದಿಂದ ಮಕ್ಕಳ ಪುಟ್ಟ ಮುಖಕ್ಕೆ ಈ ಸಾಧನ ಸರಿಯಾಗಿ ಕೂರುವುದಿಲ್ಲ. 1995ರ ನಿಂಟೆಂಡೊ ವರ್ಚುವಲ್ ಬಾಯ್ ಏಳು ವರ್ಷದೊಳಗಿನವರಿಗೆ ಬೇಡವೆಂದು ಎಚ್ಚರಿಸಿತ್ತು. ಮೆಟಾ ಕಂಪನಿ 13 ವರ್ಷವೆಂದಿದ್ದ ಕನಿಷ್ಠ ವಯಸ್ಸನ್ನು 2023ರಲ್ಲಿ, ತಂದೆತಾಯಿಯರ ಒಪ್ಪಿಗೆಯ ಷರತ್ತಿನೊಡನೆ, 10ಕ್ಕೆ ಇಳಿಸಿತು. ಮಕ್ಕಳ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆದರೆ ತನಗೆ ಏನಾಗುತ್ತಿದೆಯೆಂದು ಹೇಳಲು ಬಾರದ ಮಗುವಿಗೆ ನಾವೇ ಕಾವಲು.

ಕಳಚಿದ ಮೇಲೆ ಮಾಡಬೇಕಾದದ್ದು

ಮೊದಲ ಸಲ ಐದು ಹತ್ತು ನಿಮಿಷ, ಕುಳಿತುಕೊಂಡೇ, ಓಟವಿಲ್ಲದ ದೃಶ್ಯದಿಂದ ಆರಂಭಿಸಬೇಕು. ಮೈ ಬೆಚ್ಚಗಾಗಿ ಬಾಯಲ್ಲಿ ನೀರೂರಿದ ಕೂಡಲೇ ನಿಲ್ಲಿಸಬೇಕು. ಹಟ ಹಿಡಿದು ಮುಂದುವರಿಸಿದರೆ ಚೇತರಿಕೆ ಇನ್ನಷ್ಟು ತಡವಾಗುತ್ತದೆ. ದಿನಗಳ ಅಂತರದಲ್ಲಿ ಚಿಕ್ಕ ಚಿಕ್ಕ ಅವಧಿಗೆ ತೊಡುತ್ತ ಹೋದರೆ ಹಲವರಿಗೆ ತೊಂದರೆ ಕಡಿಮೆಯಾಗುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ, ಬೇಡವೆನಿಸಿದರೂ, 10ರಿಂದ 15 ನಿಮಿಷ ಬಿಡುವು ತೆಗೆದುಕೊಳ್ಳಬೇಕೆಂಬುದು ತಯಾರಕರ ಕೈಪಿಡಿಗಳಲ್ಲಿ ಬಂದಿರುವ ಸಲಹೆ.

ಕಳಚಿದ ಮೇಲೆ ಕೂಡಲೇ ಏಳಬಾರದು. ಕಿಟಕಿಯಾಚೆಯ ದೂರದ ಮರವನ್ನೋ ಕಟ್ಟಡವನ್ನೋ ನೋಡುತ್ತ ಕೆಲವು ನಿಮಿಷ ಕೂರಬೇಕು. ಆಮೇಲೆ ಸಮತಟ್ಟಾದ ಕಡೆ ನಡೆದಾಡಿ, ಲೋಟ ಎತ್ತಿಡುವುದು, ನೀರು ಬಗ್ಗಿಸುವುದು, ಚೆಂಡು ಹಿಡಿಯುವುದು ಮೊದಲಾದ ಕೈಗೂ ಕಣ್ಣಿಗೂ ಕೆಲಸ ಕೊಡುವ ಸರಳ ಚಟುವಟಿಕೆಗಳನ್ನು ಮಾಡಬೇಕು. ಕಳೆದುಹೋದ ಹೊಂದಾಣಿಕೆ ಮರಳುವುದು ಇಂತಹ ಬಳಕೆಯಿಂದಲೇ. ಕಾದ ಎಣ್ಣೆಯ ಬಾಣಲೆ, ಈಳಿಗೆಮಣೆ, ಕಡಿದಾದ ಮೆಟ್ಟಿಲು ಇವುಗಳಿಂದ ಆ ಹೊತ್ತಿಗೆ ದೂರವಿರಬೇಕು. ಯಾವ ಲಕ್ಷಣವೂ ಇಲ್ಲದಿದ್ದರೂ ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ವಾಹನ ಓಡಿಸದಿರುವುದು ಕ್ಷೇಮವೆಂದು ನಮ್ಮ ಅಭಿಪ್ರಾಯ; ಲಕ್ಷಣಗಳಿದ್ದರೆ ಅವು ಪೂರ್ತಿ ಹೋಗುವವರೆಗೂ ಓಡಿಸಲೇಬಾರದು.

ಶುಂಠಿ, ನಿಂಬೆಹಣ್ಣು ಹೊಟ್ಟೆಗೆ ಸಮಾಧಾನ ಕೊಟ್ಟರೂ ಕೈಕಣ್ಣುಗಳ ಹೊಂದಾಣಿಕೆಯನ್ನು ಮರಳಿಸಲಾರವು. ಬಸ್ ಪ್ರಯಾಣಕ್ಕೆ ನುಂಗುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುವಂಥವು. ಅವನ್ನು ನುಂಗಿ ವಾಹನ ಹಿಡಿಯುವುದು ಇನ್ನೂ ಅಪಾಯ. ತಲೆಸುತ್ತು ಅಥವಾ ಎರಡೆರಡಾಗಿ ಕಾಣುವುದು ಮರುದಿನವೂ ಮುಂದುವರಿದರೆ ವೈದ್ಯರಲ್ಲಿಗೆ ಹೋಗಬೇಕು. ಅದರ ಕಾರಣ ಬೇರೆಯೇ ಇರಬಹುದು.

ಹೊಸ ಸಾಧನಗಳ ಬಗ್ಗೆ ಹೆದರಿಸುವುದು ನಮ್ಮ ಉದ್ದೇಶವಲ್ಲ. ಹುಟ್ಟಿದೂರಿನಿಂದ ದೂರವಿರುವ ನಮ್ಮಂಥವರಿಗೆ, ನಡೆಯಲಾಗದ ಹಿರಿಯರಿಗೆ, ಕುಳಿತಲ್ಲಿಯೇ ಕಡಲತೀರವನ್ನೂ ಗುಡಿಯ ಅಂಗಳವನ್ನೂ ತೋರಿಸಬಲ್ಲ ಸಾಧನ ಸಣ್ಣ ವರವೇನಲ್ಲ. ಊರಿಂದ ಬಂದ ಬಸ್ಸಿಳಿದ ಹಿರಿಯರನ್ನು ಒಡನೆಯೇ ನಡೆಸದೆ, ಕೂರಿಸಿ, ನೀರು ಕೊಟ್ಟು, ಸುಧಾರಿಸಿಕೊಳ್ಳಿ ಎನ್ನುವುದು ನಮ್ಮ ಮನೆಗಳ ವಾಡಿಕೆ. ಕನ್ನಡಕ ಕಳಚಿದವರೂ ದೂರದ ಪ್ರಯಾಣ ಮುಗಿಸಿ ಬಂದವರೇ. ಅವರಿಗೂ ಅಷ್ಟು ಹೊತ್ತು ಕೊಡೋಣ.